ಆರೋಗ್ಯಯಾತ್ರೆ ಅಥವಾ ಕುರೆಕುಪ್ಪದ ಸೀಮೆಯ ರೋಗಿಗಳು ನಡೆದ ದಾರಿ

ಯಾತ್ರೆಯೆಂದೊಡನೆ ನಮ್ಮ ಜನರ ಮನಸ್ಸಿಗೆ ಹಂಪೆಯ ವಿರೂಪಾಕ್ಷ, ಶ್ರೀಶೈಲದ ಮಲ್ಲಿಕಾರ್ಜುನ, ಸಂಡೂರಿನ ಕುಮಾರಸ್ವಾಮಿ, ಕೂಡಲಸಂಗಮ, ಉಳವಿ ಮೊದಲಾದ ಕ್ಷೇತ್ರಗಳು ಹೊಳೆಯುವುದು ಸಹಜವೇ ಸರಿ. ಇವುಗಳ ಚರಿತ್ರೆಯನ್ನು ಬರೆದವರು ಅನೇಕರಿರುವರು. ಆದರೆ ಮತ್ತೊಂದು ಬಗೆಯ ಯಾತ್ರೆಯೂ ಉಂಟು. ಅದರ ಚರಿತ್ರೆಯನ್ನು ಬರೆದವರು ವಿರಳ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದು, ಊರ ಮದ್ದು ನಾಟದೆ ಹೋದಾಗ, ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಸಾಲ ತಂದ ಹಣವನ್ನು ಸೆರಗಿನಲ್ಲಿ ಗಂಟಿಕ್ಕಿಕೊಂಡು, ಗುರುತಿಲ್ಲದ ಪಟ್ಟಣಕ್ಕೆ ಹೊರಡುವ ಯಾತ್ರೆಯದು. ಅದನ್ನು ನಾವು ಆರೋಗ್ಯಯಾತ್ರೆಯೆಂದು ಕರೆಯಬಹುದು.

ಸಂಡೂರು ತಾಲೂಕಿನ ಕುರೆಕುಪ್ಪವು ಈ ಯಾತ್ರೆಯನ್ನು ಕುರಿತು ಆಲೋಚಿಸಲು ತಕ್ಕ ಸ್ಥಳವಾಗಿದೆ. ಊರಿಗೆ ಸಮೀಪದಲ್ಲಿ ತೋರಣಗಲ್ಲಿನ ರೈಲು ನಿಲ್ದಾಣ. ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಹೊಸಪೇಟೆ. ಎರಡಕ್ಕೂ ಮೂವತ್ತು ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಒಂದು ಮಗ್ಗುಲಲ್ಲಿ ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳು, ಮತ್ತೊಂದು ಮಗ್ಗುಲಲ್ಲಿ ಜೋಳ ಹತ್ತಿಗಳನ್ನು ಬೆಳೆಯುವ ಎರೆಯ ಬಯಲು. ಇಂದು ಇದು ಪುರಸಭೆಯುಳ್ಳ ಊರು. ನೆರೆಯಲ್ಲಿಯೇ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ನಿಂತಿದೆ. ಆದರೂ ಕಠಿನವಾದ ರೋಗ ಬಂದಾಗ ಇಲ್ಲಿಯ ಜನರು ಬಳ್ಳಾರಿಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಹೊರಡುವುದು ತಪ್ಪಿಲ್ಲ. ರೋಗಿಯು ಗುಣಹೊಂದುವುದು ಆಸ್ಪತ್ರೆಯಲ್ಲಿಯಾದರೂ, ಅವನ ಅಳಿವು ಉಳಿವುಗಳು ಬಹುಮಟ್ಟಿಗೆ ದಾರಿಯಲ್ಲಿಯೇ ನಿರ್ಣಯವಾಗುವುವೆಂಬುದು ಈ ಲೇಖನದ ಪ್ರತಿಪಾದ್ಯ ವಿಷಯವು. ದಾರಿಯೆಂದರೆ ಕೇವಲ ಮಣ್ಣು ಕಲ್ಲುಗಳ ಹಾದಿಯಲ್ಲ; ಸಾಗುವ ಹಾದಿ, ತಂಗುವ ತಾವು, ಜೊತೆಗೆ ಬರುವ ಜನ, ಈ ಮೂರೂ ಕೂಡಿದರೆ ದಾರಿಯಾಗುತ್ತದೆ. ಇವುಗಳಲ್ಲಿ ಯಾವುದನ್ನು ಯಾವ ಕಾಲದಲ್ಲಿ ಯಾರು ಒದಗಿಸಿಕೊಟ್ಟರು ಎಂಬುದನ್ನು ಮುಂದೆ ವಿಚಾರಿಸೋಣ.

೧. ಮಠವೂ ಮದ್ದೂ

ಪೂರ್ವಕಾಲದಲ್ಲಿ ನಮ್ಮ ದೇಶದೊಳಗೆ ಆಸ್ಪತ್ರೆಗಳೇ ಇದ್ದಿಲ್ಲವೆಂದು ಕೆಲವರು ತಿಳಿದಿರುವರು. ಶಾಸನಗಳು ಬೇರೆ ಮಾತನ್ನು ಹೇಳುತ್ತವೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವೆಂಬ ಕಾಳಾಮುಖರ ಮಠವಿದ್ದಿತು. ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ಬಣ್ಣಿಸುವಾಗ, ವೇದಶಾಸ್ತ್ರಗಳ ಅಭ್ಯಾಸದ ಸ್ಥಾನವೆಂದು ಹೇಳುವುದರ ಜೊತೆಯಲ್ಲಿಯೇ, ದೀನರಿಗೂ ಅನಾಥರಿಗೂ ಕುರುಡ ಕಿವುಡರಿಗೂ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ಸ್ಥಾನವೆಂದೂ, ಸಮಸ್ತ ಪ್ರಾಣಿಗಳಿಗೆ ಅಭಯದ ಸ್ಥಾನವೆಂದೂ ಹೇಳುತ್ತದೆ. ಕಲ್ಯಾಣದಲ್ಲಿ ಬಿಜ್ಜಳನು ಆಳುತ್ತಿದ್ದ ಕಾಲವದು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯವೃತ್ತಿಯವನೊಬ್ಬನು ವಚನಕಾರನಾಗಿ ಪ್ರಸಿದ್ಧನಾಗಿರುವನೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು.

ತುಂಗಭದ್ರೆಯ ಸೀಮೆಯನ್ನು ಬಿಟ್ಟು ನೋಡಿದರೂ ಇಂಥ ನಿದರ್ಶನಗಳು ದೊರೆಯುವುವು. ಗುಂಟೂರು ಸೀಮೆಯ ಮಲ್ಕಾಪುರದ ೧೨೬೧ರ ಶಾಸನದಲ್ಲಿ, ಕಾಕತೀಯ ರುದ್ರಮದೇವಿಯ ಕಾಲದ ಶೈವಗುರು ವಿಶ್ವೇಶ್ವರ ಶಂಭುವು ಮಠದ ಜೊತೆಗೆ ಪ್ರಸೂತಿಶಾಲೆಯನ್ನೂ ಆರೋಗ್ಯಶಾಲೆಯನ್ನೂ ಸ್ಥಾಪಿಸಿದ ವಿಷಯವಿದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಹನ್ನೊಂದನೆಯ ಶತಮಾನದ ಚೋಳ ಶಾಸನವೊಂದು ೧೫ ಹಾಸಿಗೆಗಳ ಆಸ್ಪತ್ರೆಯನ್ನೂ, ಅದರ ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತರುವವರು, ಶುಶ್ರೂಷೆ ಮಾಡುವವರು ಇವರ ವೇತನಗಳನ್ನೂ ಲೆಕ್ಕವಿಟ್ಟು ಹೇಳುತ್ತದೆ. ಇವುಗಳಿಂದ ನಮಗೆ ತಿಳಿದುಬರುವ ಸಂಗತಿಯೇನೆಂದರೆ, ಅನ್ನ, ಆಶ್ರಯ, ಔಷಧ ಇವು ಮೂರನ್ನೂ ಹಿಂದಿನವರು ಒಂದೇ ಛಾವಣಿಯ ಕೆಳಗೆ ಇಟ್ಟಿದ್ದರು. ದೂರದಿಂದ ಬಂದವನಿಗೆ ಮದ್ದನ್ನು ಮಾತ್ರ ಕೊಟ್ಟು ಬೀದಿಗೆ ಕಳುಹುವುದು ಅವರ ಪದ್ಧತಿಯಾಗಿರಲಿಲ್ಲ.

೨. ಐದು ಆಳ್ವಿಕೆಗಳ ನಡುವೆ

೧೮೦೦ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಆದುದರಿಂದಲೇ ಇದಕ್ಕೆ ದತ್ತ ಮಂಡಲವೆಂದು ಹೆಸರಾಯಿತು. ಥಾಮಸ್ ಮನ್ರೋ ಸಾಹೇಬನು ೧೮೦೭ರ ವರೆಗೆ ಇದರ ಮುಖ್ಯ ಕಲೆಕ್ಟರನಾಗಿದ್ದನು. ಅಂದಿನಿಂದ ಒಂದೂವರೆ ಶತಮಾನದ ಕಾಲ ಈ ಭಾಗದ ಕನ್ನಡಿಗರು ಐದು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದರು. ಬಳ್ಳಾರಿ, ಹೊಸಪೇಟೆ, ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಹೊಳೆಯಾಚೆಯ ಗಂಗಾವತಿ, ಕೊಪ್ಪಳಗಳು ನಿಜಾಮನ ರಾಜ್ಯಕ್ಕೆ ಸೇರಿದ್ದುವು. ಪಶ್ಚಿಮದ ಗದಗು, ಧಾರವಾಡಗಳು ಮುಂಬಯಿಗೆ, ದಕ್ಷಿಣದ ಚಿತ್ರದುರ್ಗವು ಮೈಸೂರಿಗೆ ಸೇರಿದ್ದುವು. ಇವೆಲ್ಲವುಗಳ ನಡುವೆ ಬೆಟ್ಟಗಳ ಕೋಟೆಯೊಳಗೆ ಘೋರ್ಪಡೆ ಮನೆತನದವರ ಸಂಡೂರು ಸಂಸ್ಥಾನವಿದ್ದಿತು.

ಆಳುವವರು ಬೇರೆಯಾದರೆ ಆಸ್ಪತ್ರೆಗಳೂ ಬೇರೆಯಾಗುವುವು. ಮದರಾಸಿನ ಪ್ರಜೆಗೆ ದೊಡ್ಡ ಆಸ್ಪತ್ರೆಯೆಂದರೆ ಮದರಾಸು ಪಟ್ಟಣದ ಜನರಲ್ ಆಸ್ಪತ್ರೆ. ನಿಜಾಮನ ಪ್ರಜೆಗೆ ಹೈದರಾಬಾದು. ಅಲ್ಲಿ ೧೯೦೮ರ ಮೂಸೀ ನದಿಯ ಮಹಾಪ್ರವಾಹದ ತರುವಾಯ ಉಸ್ಮಾನಿಯಾ ಆಸ್ಪತ್ರೆಯು ತಲೆಯೆತ್ತಿತು. ಮೈಸೂರಿನ ಪ್ರಜೆಗೆ ಬೆಂಗಳೂರಿನಲ್ಲಿ ೧೯೦೦ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ. ಆದರೆ ರೋಗವು ಸರಹದ್ದನ್ನು ಕೇಳಿ ಬರುವುದಿಲ್ಲ. ಹೊಳೆಯ ಎರಡು ದಂಡೆಗಳಲ್ಲಿಯೂ ಬೀಗರು ನೆಂಟರು ಇದ್ದರು. ಹರಿಗೋಲಿನಲ್ಲಿ ರೋಗಿಯನ್ನು ಮಲಗಿಸಿ ಈ ದಂಡೆಗೆ ತಂದು, ಅಲ್ಲಿಂದ ಚಕ್ಕಡಿಯಲ್ಲಿ ಹುಲ್ಲು ಹಾಸಿ ಸಾಗಿಸುವುದೇ ರೂಢಿಯಾಗಿದ್ದಿತು. ಚಕ್ಕಡಿಗೆ ಒಂದು ದಿನದ ಪಯಣವೆಂದರೆ ಇಪ್ಪತ್ತು ಮೂವತ್ತು ಕಿಲೋಮೀಟರು. ಕುರೆಕುಪ್ಪದಿಂದ ಬಳ್ಳಾರಿಯನ್ನು ಮುಟ್ಟುವುದರೊಳಗೆ ಹಗಲೊಂದು ಕಳೆಯುತ್ತಿದ್ದಿತು. ಹೆರಿಗೆ ಕಟ್ಟಿಕೊಂಡ ಹೆಂಗಸಿಗೂ ಹಾವು ಕಚ್ಚಿದ ಕೂಲಿಯವನಿಗೂ ಆ ಹಗಲು ಬಹಳ ದೀರ್ಘವಾದುದು.

೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಪಟ್ಟ ಪಾಡು ಚರಿತ್ರಪ್ರಸಿದ್ಧವಾದುದು. ಆ ಕಾಲದಲ್ಲಿ ದಾರಿಗಳ ತುಂಬ ನಡೆಯುತ್ತಿದ್ದವರು ಹಸಿದವರೋ ರೋಗಿಗಳೋ ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ಹಸಿವೆಯ ಹಿಂದೆಯೇ ವಾಂತಿಭೇದಿಯೂ ಜ್ವರವೂ ಬಂದುವು. ಅನ್ನಛತ್ರವು ಆಸ್ಪತ್ರೆಯಾಗಿ ಬೆಳೆದ ಒಂದು ದೃಷ್ಟಾಂತವು ಮದರಾಸಿನಲ್ಲಿಯೇ ಇದೆ. ೧೭೮೨ರ ಕ್ಷಾಮದಲ್ಲಿ ಅಲ್ಲಿ ಗಂಜಿ ಹಾಕುವುದಕ್ಕಾಗಿ ಹುಟ್ಟಿದ ಮಣೆಗಾರ ಛತ್ರವೇ ಮುಂದೆ ರೋಗಿಗಳ ಆಶ್ರಯವಾಗಿ, ಕಾಲಕ್ರಮದಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯೆಂಬ ದೊಡ್ಡ ಸಂಸ್ಥೆಯಾಯಿತು. ಗಂಜಿಯ ಪಾತ್ರೆಗೂ ಮದ್ದಿನ ಬಟ್ಟಲಿಗೂ ಇರುವ ನಂಟನ್ನು ಇದು ತೋರಿಸುತ್ತದೆ.

೩. ಉಗಿಬಂಡಿಯೂ ಮೀರಜವೂ

೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು ಸ್ಥಾಪಿತವಾಯಿತು. ಆ ದಶಕದಲ್ಲಿಯೇ ಬಳ್ಳಾರಿ, ಹೊಸಪೇಟೆ, ಗದಗು, ಹುಬ್ಬಳ್ಳಿಗಳನ್ನು ಕೂಡಿಸುವ ಹಳಿಗಳು ಬಿದ್ದುವು. ಕ್ಷಾಮಕಾಲದಲ್ಲಿ ಧಾನ್ಯವನ್ನು ಸಾಗಿಸಬೇಕೆಂಬುದು ಈ ಮಾರ್ಗದ ಉದ್ದೇಶಗಳಲ್ಲಿ ಒಂದಾಗಿದ್ದಿತು. ಧಾನ್ಯವನ್ನು ಹೊತ್ತ ಉಗಿಬಂಡಿಯೇ ರೋಗಿಗಳನ್ನೂ ಹೊತ್ತಿತು. ತೋರಣಗಲ್ಲಿನಲ್ಲಿ ಹತ್ತಿದವನು ಪೂರ್ವಕ್ಕೆ ಗುಂತಕಲ್ಲನ್ನು ಸೇರಿದರೆ ಮದರಾಸಿನ ದಾರಿ. ಪಶ್ಚಿಮಕ್ಕೆ ಹುಬ್ಬಳ್ಳಿಯನ್ನು ಸೇರಿದರೆ ಲೋಂಡಾ, ಬೆಳಗಾವಿಗಳ ಮೇಲೆ ಮೀರಜದ ದಾರಿ.

ಮೀರಜದ ಹೆಸರನ್ನು ಉತ್ತರ ಕರ್ಣಾಟಕದ ಹಿರಿಯರು ಈಗಲೂ ಗೌರವದಿಂದ ಹೇಳುತ್ತಾರೆ. ಪಟವರ್ಧನರ ಸಂಸ್ಥಾನದ ಆ ಊರಿನಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ಶಸ್ತ್ರವೈದ್ಯನು ೧೮೯೪ರಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದನು. ಕೆಲವೇ ವರ್ಷಗಳಲ್ಲಿ ಅದಕ್ಕೆ ಹೊಂದಿಕೊಂಡು ವೈದ್ಯಶಾಲೆಯನ್ನೂ ತೆರೆದನು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ, ಮೂತ್ರದ ಕಲ್ಲು ಇವುಗಳ ಶಸ್ತ್ರಕ್ರಿಯೆಗಾಗಿ ಬೆಳಗಾವಿ, ವಿಜಾಪುರ, ಧಾರವಾಡದ ಸೀಮೆಗಳಿಂದ ಕನ್ನಡಿಗರು ಅಲ್ಲಿಗೆ ಹೋಗತೊಡಗಿದರು. ಮೀರಜವು ಮರಾಠಿಯ ಊರು, ವೈದ್ಯನು ಹೊರದೇಶದವನು, ಅವನ ಧರ್ಮವು ಬೇರೆ. ಆದರೂ ವಿಭೂತಿ ಧರಿಸಿದ ನಮ್ಮ ಹಿರಿಯರು ಅಲ್ಲಿಗೆ ಹೋಗಿ ಮಲಗಿದರು, ಕಣ್ಣು ಪಡೆದು ಬಂದರು. ಊರಿನ ಖ್ಯಾತಿಯು ರೋಗಿಗಳ ಬಾಯಿಂದ ಬಾಯಿಗೆ ಹಬ್ಬಿತು. ಇಂದಿಗೂ ಮೀರಜವು ಆಸ್ಪತ್ರೆಗಳ ಊರಾಗಿಯೇ ಉಳಿದಿರುವುದು.

ಆ ಕಾಲದ ಆಸ್ಪತ್ರೆಗಳಲ್ಲಿ ಜೊತೆಗೆ ಬಂದವರನ್ನು ಬಿಟ್ಟು ರೋಗಿಯನ್ನು ನೋಡಿಕೊಳ್ಳುವುದು ಸಾಧ್ಯವಾಗಿರಲಿಲ್ಲ. ಪಥ್ಯದ ಅಡಿಗೆ, ಸ್ನಾನ, ರಾತ್ರಿಯ ಎಚ್ಚರ, ಎಲ್ಲವೂ ಮನೆಯವರದೇ ಭಾರ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿ ಅಂಬಲಿ ಕಾಯಿಸಿ ಕೊಡುತ್ತಿದ್ದರು. ಹೀಗೆ ಒಬ್ಬ ರೋಗಿಯು ಹೊರಟನೆಂದರೆ ಮನೆಯ ಇಬ್ಬರ ದುಡಿಮೆಯು ನಿಲ್ಲುತ್ತಿದ್ದಿತು.

೪. ಹಾದಿ ಮುಚ್ಚಿದ ಕಾಲ

ರೈಲು ರೋಗಿಯನ್ನು ಹೊತ್ತಂತೆ ರೋಗವನ್ನೂ ಹೊತ್ತಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರ ಹೊತ್ತಿಗೆ ಹುಬ್ಬಳ್ಳಿಯನ್ನು ಹಾಳುಗೆಡವಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಶಾಸನದ ಬಲದಿಂದ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವುದೂ ಸಂಶಯ ಬಂದವರನ್ನು ತಡೆದಿಡುವುದೂ ಮೊದಲಾಯಿತು. ಮದರಾಸು ಆಧಿಪತ್ಯದಲ್ಲಿ ಪ್ಲೇಗಿನ ಊರುಗಳಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟೆಂಬ ರಹದಾರಿ ಚೀಟಿಯನ್ನು ಕೊಟ್ಟು, ಅವರು ತಲುಪಿದ ಊರಿನಲ್ಲಿ ನಿಯಮಿತ ದಿನಗಳವರೆಗೆ ಅಧಿಕಾರಿಯ ಮುಂದೆ ಹಾಜರಾಗಬೇಕೆಂದು ಕಟ್ಟುಮಾಡಿದರು. ಇದರಿಂದ ರೋಗದ ಹರಡುವಿಕೆಗೆ ತಡೆಯಾಗಿರಬಹುದು. ಆದರೆ ಪ್ಲೇಗಿಲ್ಲದೆ ಬೇರೆ ಬೇನೆಯಿಂದ ನರಳುತ್ತ ವೈದ್ಯನ ಬಳಿಗೆ ಹೊರಟವನಿಗೆ ಆ ಚೀಟಿಯೂ ಆ ತಡೆಯೂ ಮತ್ತೊಂದು ಬೇನೆಯಾದುವು.

ಈ ಸಂಗತಿಯನ್ನು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ಭಯದಿಂದ ಕೇರಳದ ಗಡಿಯ ತಲಪಾಡಿ ಮೊದಲಾದ ಹಾದಿಗಳನ್ನು ಕರ್ನಾಟಕದ ಕಡೆಯಿಂದ ಮುಚ್ಚಲಾಯಿತು. ಕೆಲವೆಡೆ ರಸ್ತೆಗೆ ಮಣ್ಣನ್ನೇ ಸುರಿಯಲಾಯಿತು. ಕಾಸರಗೋಡಿನ ಸೀಮೆಯು ೧೯೫೬ರ ತನಕ ಮಂಗಳೂರಿನೊಡನೆ ಒಂದೇ ಜಿಲ್ಲೆಯಾಗಿದ್ದಿತು. ಅಲ್ಲಿಯ ಕನ್ನಡಿಗರೂ ತುಳುವರೂ ಮಲೆಯಾಳಿಗಳೂ ದೊಡ್ಡ ಚಿಕಿತ್ಸೆಗೆ ನಂಬಿದ್ದುದು ಸುಮಾರು ೫೦ ಕಿಲೋಮೀಟರಿನಾಚೆಯ ಮಂಗಳೂರನ್ನೇ. ಮೂತ್ರಪಿಂಡದ ರೋಗಿಗಳೂ ಹೃದ್ರೋಗಿಗಳೂ ಗಡಿಯಲ್ಲಿ ನಿಂತರು. ಹಿಂತಿರುಗಿದವರಲ್ಲಿ ಕೆಲವರು ಪ್ರಾಣ ಬಿಟ್ಟರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದುವು. ಏಪ್ರಿಲ್ ೧ರಂದು ಕೇರಳದ ಉಚ್ಚ ನ್ಯಾಯಾಲಯವು ರೋಗಿಗಳಿಗೆ ಹಾದಿ ಬಿಡಿಸಬೇಕೆಂದು ಆಜ್ಞಾಪಿಸಿತು. ವ್ಯಾಜ್ಯವು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ, ತುರ್ತಿನ ರೋಗಿಗಳನ್ನು ಬಿಡುವ ಒಪ್ಪಂದವಾದುದರಿಂದ ಏಪ್ರಿಲ್ ೭ರಂದು ಮುಗಿಯಿತು. ಒಂದು ಕಡೆ ಜನರನ್ನು ರಕ್ಷಿಸಬೇಕೆಂಬ ಆಡಳಿತದ ಹೊಣೆ, ಮತ್ತೊಂದು ಕಡೆ ಹೊಸ್ತಿಲಲ್ಲಿ ನಿಂತ ರೋಗಿ. ಇವೆರಡನ್ನೂ ತೂಗುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ರಾಜ್ಯಗಳ ಸೀಮೆಯು ನಕಾಶೆಯಲ್ಲಿ ಹಾಕಿದ ಗೆರೆ. ರೋಗಿಯ ಪಾಲಿಗೆ ಅದು ಗೋಡೆಯಾಗಬಾರದೆಂಬ ನ್ಯಾಯವು ಕೊನೆಗೆ ನಿಂತಿತೆಂಬುದು ಸಮಾಧಾನದ ವಿಷಯ.

೫. ಬಳ್ಳಾರಿಗೆ ಬರುವವರು, ಬಳ್ಳಾರಿಯಿಂದ ಹೋಗುವವರು

ನಮ್ಮ ಸೀಮೆಯಲ್ಲಿಯೂ ಗೆರೆಗಳು ಬದಲಾದುವು. ೧೯೪೯ರಲ್ಲಿ ಸಂಡೂರು ಸಂಸ್ಥಾನವು ಬಳ್ಳಾರಿ ಜಿಲ್ಲೆಗೆ ಸೇರಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಬಂದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಆಗ ಈ ಭಾಗದಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಒಂದೂ ಇದ್ದಿಲ್ಲ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿಯೂ, ಬಳ್ಳಾರಿಯಲ್ಲಿ ೧೯೬೧ರಲ್ಲಿಯೂ, ಕಲಬುರ್ಗಿಯಲ್ಲಿ ೧೯೬೩ರಲ್ಲಿಯೂ, ದಾವಣಗೆರೆಯಲ್ಲಿ ೧೯೬೫ರಲ್ಲಿಯೂ ಅವು ಹುಟ್ಟಿದುವು. ಈ ಎಂಟು ವರ್ಷಗಳು ಉತ್ತರದ ಕನ್ನಡ ಜಿಲ್ಲೆಗಳ ರೋಗಿಯ ದಾರಿಯನ್ನು ಮೊಟಕು ಮಾಡಿದಷ್ಟು ಅದರ ಹಿಂದಿನ ನೂರು ವರ್ಷಗಳೂ ಮಾಡಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಬಳ್ಳಾರಿಯ ಮಹಾವಿದ್ಯಾಲಯವು ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆಯೆಂಬ ಹೆಸರಿನಿಂದ ಬಹುಕಾಲ ಪ್ರಸಿದ್ಧವಾಯಿತು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ೧೯೫೩ರಲ್ಲಿ ಗೆರೆ ಎಳೆದು ಬೇರ್ಪಡಿಸಿದ ರಾಯದುರ್ಗ, ಆಲೂರು, ಆದವಾನಿಗಳ ಜನರು ಕಾಯಿಲೆಯಾದಾಗ ಇಂದಿಗೂ ಬಳ್ಳಾರಿಯ ಆಸ್ಪತ್ರೆಗೇ ಬರುತ್ತಾರೆ. ಕೊಪ್ಪಳ ರಾಯಚೂರುಗಳ ಕಡೆಯವರೂ ಬರುತ್ತಾರೆ. ಒಂದೇ ವಾರ್ಡಿನಲ್ಲಿ ಕನ್ನಡವನ್ನೂ ತೆಲುಗನ್ನೂ ಕೇಳಬಹುದು. ಗಣಿ ಕಾರ್ಖಾನೆಗಳ ದುಡಿಮೆಗೆಂದು ಬಿಹಾರ ಒಡಿಸಾಗಳಿಂದ ಬಂದವರ ಹಿಂದಿಯನ್ನೂ ಕೇಳಬಹುದು. ಇತ್ತ ಕುರೆಕುಪ್ಪದವನು ಹೃದಯದ ಶಸ್ತ್ರಕ್ರಿಯೆಗೋ ಅರ್ಬುದರೋಗಕ್ಕೋ ಬೆಂಗಳೂರಿಗೆ ಹೊರಟರೆ, ೧೯೭೨ರ ಸುಮಾರಿಗೆ ಹುಟ್ಟಿದ ಜಯದೇವ ಸಂಸ್ಥೆಯನ್ನೂ ೧೯೭೩ರ ಕಿದ್ವಾಯಿ ಸಂಸ್ಥೆಯನ್ನೂ ಸೇರಲು ಸುಮಾರು ೩೦೦ ಕಿಲೋಮೀಟರು ಸಾಗಬೇಕು. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸು ಗುಂತಕಲ್ಲು, ಧರ್ಮಾವರ, ಹಿಂದೂಪುರಗಳ ಮೇಲೆ, ಎಂದರೆ ಆಂಧ್ರದ ನೆಲವನ್ನು ಹಾಯ್ದು, ಅವನನ್ನು ಅವನ ರಾಜಧಾನಿಗೆ ಮುಟ್ಟಿಸುತ್ತದೆ. ಅರ್ಬುದ ರೋಗಿಗೂ ಅವನ ಜೊತೆಯವನಿಗೂ ರೈಲಿನ ದರದಲ್ಲಿ ರಿಯಾಯಿತಿಯುಂಟು. ಜೊತೆಯವನನ್ನೂ ಲೆಕ್ಕಕ್ಕೆ ಹಿಡಿದ ಆ ನಿಯಮವನ್ನು ಬರೆದವರು ರೋಗಿಯ ದಾರಿಯನ್ನು ಬಲ್ಲವರಾಗಿರಬೇಕು.

ಚಿಕಿತ್ಸೆಯ ವೆಚ್ಚಕ್ಕೂ ಈಚೆಗೆ ಆಸರೆ ದೊರೆತಿದೆ. ೨೦೦೩ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆಯೂ, ೨೦೧೦ರಲ್ಲಿ ಮೊದಲು ಕಲಬುರ್ಗಿ ವಿಭಾಗದ ಬಡವರಿಗಾಗಿ ವಾಜಪೇಯಿ ಆರೋಗ್ಯಶ್ರೀಯೂ ಬಂದುವು. ೨೦೧೮ರ ಆಯುಷ್ಮಾನ್ ಭಾರತ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ತನಕ ಚಿಕಿತ್ಸೆಯನ್ನು ಒದಗಿಸಿತು. ೨೦೦೮ರ ನವೆಂಬರಿನಿಂದ ೧೦೮ರ ವಾಹನವು ಕರೆದಾಗ ಬರತೊಡಗಿತು. ಚಕ್ಕಡಿಯ ಹಗಲಿಡೀ ಪಯಣವು ಈಗ ಮುಕ್ಕಾಲು ಗಂಟೆಯ ಮಾತಾಗಿದೆ. ಹಾದಿಯು ಸುಗಮವಾಯಿತು, ಮದ್ದಿನ ಹಣದ ಭಾರವು ತಗ್ಗಿತು. ಉಳಿದಿರುವುದು ತಂಗುವ ತಾವು ಮತ್ತು ಕೈಹಿಡಿದು ನಡೆಸುವ ಜನ.

ಈ ಲೇಖಕನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಕಂಡುದೊಂದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವೆನು. ಒಂದು ಸಂಜೆ ಮುದುಕ ದಂಪತಿಗಳು ಮಠದ ಪಡಸಾಲೆಗೆ ಬಂದು ಕುಳಿತರು. ಹೆಂಗಸಿನ ಕೊರಳಲ್ಲಿ ಗಡ್ಡೆ. ದೊಡ್ಡ ಪಟ್ಟಣವೊಂದರ ಆಸ್ಪತ್ರೆಗೆ ಹೋಗಿ, ಮೂರು ದಿನ ಯಾವ ಕೊಠಡಿಗೆ ಹೋಗಬೇಕೆಂಬುದು ತಿಳಿಯದೆ, ರಾತ್ರಿ ಹೊರಗಿನ ಕಟ್ಟೆಯ ಮೇಲೆ ಮಲಗಿ, ತಂದ ಹಣವು ಊಟಕ್ಕೇ ತೀರಿಹೋದುದರಿಂದ ಹಿಂತಿರುಗಿ ಬಂದಿದ್ದರು. ಪ್ರಸಾದ ಸ್ವೀಕರಿಸಿದ ಮೇಲೆ ಮುದುಕನು ನನ್ನನ್ನು ನೋಡಿ, "ಅಯ್ನೋರೇ, ಬ್ಯಾನಿಗಿಂತ ದಾರಿ ಕೇಳೋದೇ ಕಷ್ಟ ಆತ್ರೀ" ಎಂದನು. ಮರುವಾರ ನಮ್ಮ ಗುರುಗಳು ಓದುಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಅವರ ಜೊತೆಗೆ ಕೊಟ್ಟು ಕಳುಹಿಸಿದರು. ಅದೇ ಆಸ್ಪತ್ರೆ, ಅವರೇ ವೈದ್ಯರು. ಈ ಸಾರಿ ಶಸ್ತ್ರಕ್ರಿಯೆಯಾಯಿತು, ಆಕೆ ಉಳಿದಳು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಇದ್ದ ಅಂತರವು ಅಕ್ಷರ ಬಲ್ಲ ಒಬ್ಬ ಹುಡುಗನಷ್ಟೆ.

೬. ದಾರಿ ಮನೆಗೆ ಬಂದುದು

೨೦೨೧ರ ಬೇಸಿಗೆಯಲ್ಲಿ ಕೋವಿಡ್ ವ್ಯಾಧಿಯ ಎರಡನೆಯ ಅಲೆ ಬಂದಾಗ ಈ ಚರಿತ್ರೆಯು ಒಂದು ವಿಚಿತ್ರವಾದ ತಿರುವನ್ನು ಪಡೆಯಿತು. ದೇಶದಲ್ಲೆಲ್ಲ ಪ್ರಾಣವಾಯುವಿಗಾಗಿ ಹಾಹಾಕಾರವೆದ್ದಿತು. ಉಕ್ಕನ್ನು ಮಾಡುವುದಕ್ಕೆ ಆಮ್ಲಜನಕವು ಬೇಕು. ಆದುದರಿಂದ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲಿ ಅದನ್ನು ಗಾಳಿಯಿಂದ ಬೇರ್ಪಡಿಸುವ ದೊಡ್ಡ ಯಂತ್ರಗಳಿದ್ದುವು. ಕುಲುಮೆಗೆ ಹೋಗಬೇಕಾದ ವಾಯುವು ದ್ರವರೂಪದಲ್ಲಿ ಟ್ಯಾಂಕರುಗಳನ್ನೇರಿ ದೂರದೂರದ ಆಸ್ಪತ್ರೆಗಳಿಗೆ ಹೋಯಿತು. ಕಾರ್ಖಾನೆಯ ಬಳಿಯಲ್ಲಿಯೇ ಮೇ ತಿಂಗಳಲ್ಲಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯನ್ನು ಕಟ್ಟಿ, ಕೊಳವೆಯ ಮೂಲಕ ನೇರವಾಗಿ ಅಲ್ಲಿಗೆ ಪ್ರಾಣವಾಯುವನ್ನು ಹಾಯಿಸಿದರು. ಅದೇ ಸಮಯದಲ್ಲಿ ಹೊಳೆಯಾಚೆಯ ಕೊಪ್ಪಳದ ಗವಿಮಠವು ತನ್ನ ಕಟ್ಟಡವನ್ನು ನೂರು ಹಾಸಿಗೆಗಳ ಆಸ್ಪತ್ರೆಯಾಗಿ ಮಾರ್ಪಡಿಸಿತು. ಯಾವಾಗಲೂ ರೋಗಿಗಳನ್ನು ಬೇರೆ ಊರಿಗೆ ಕಳುಹುತ್ತಿದ್ದ ಸೀಮೆಯು ಆ ಕೆಲವು ವಾರಗಳಲ್ಲಿ ಪರಸ್ಥಳದವರಿಗೆ ಉಸಿರನ್ನು ಕಳುಹುವ ಸೀಮೆಯಾಯಿತು. ಮನಸ್ಸು ಮಾಡಿದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಬರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಉಪಸಂಹಾರ

ಮೇಲಿನ ವಿಚಾರದಿಂದ ಫಲಿತವಾಗುವುದಿಷ್ಟು. ಹಿಂದಿನವರಲ್ಲಿ ಅನ್ನವೂ ಆಶ್ರಯವೂ ಇದ್ದುವು. ಹಾದಿಯು ದುರ್ಗಮವಾಗಿದ್ದಿತು, ಮದ್ದಿಗೆ ಮಿತಿಯಿದ್ದಿತು. ಇಂದು ಹಾದಿಯೂ ಮದ್ದೂ ದೊರೆತಿವೆ. ಆದರೆ ಜೊತೆಗೆ ಹೋದವನು ರಾತ್ರಿ ಎಲ್ಲಿ ಮಲಗಬೇಕು, ಅವನು ಕಳೆದುಕೊಂಡ ಕೂಲಿಯನ್ನು ಯಾರು ತುಂಬಬೇಕು, ಓದು ಬಾರದವನಿಗೆ ಯಾರು ದಾರಿ ತೋರಿಸಬೇಕು ಎಂಬ ಪ್ರಶ್ನೆಗಳು ಹಾಗೆಯೇ ನಿಂತಿವೆ. ಸರಕಾರದ ಯೋಜನೆಗಳ ಲೆಕ್ಕದಲ್ಲಿ ಇವು ಅಪರೂಪವಾಗಿ ಕಾಣುವುವು. ಇವುಗಳಿಗೆ ಕೋಟಿಗಟ್ಟಲೆ ಹಣವು ಬೇಕಿಲ್ಲ. ದೊಡ್ಡ ಆಸ್ಪತ್ರೆಗಳಿರುವ ಪಟ್ಟಣಗಳಲ್ಲಿ ನಮ್ಮ ಮಠಗಳಿವೆ, ವಸತಿನಿಲಯಗಳಿವೆ, ಕಲ್ಯಾಣಮಂಟಪಗಳಿವೆ. ಮದುವೆಯಿಲ್ಲದ ದಿನಗಳಲ್ಲಿ ಅವು ಬರಿದಾಗಿರುತ್ತವೆ. ಪಡಸಾಲೆಯ ಒಂದು ಮೂಲೆ, ಒಂದು ಹೊತ್ತಿನ ಊಟ, ಬೆಳಗ್ಗೆ ಆಸ್ಪತ್ರೆಯ ಬಾಗಿಲ ವರೆಗೆ ಬಂದು ಚೀಟಿ ಬರೆಯಿಸಿ ಕೊಡುವ ಒಬ್ಬ ವಿದ್ಯಾರ್ಥಿ, ಇಷ್ಟಿದ್ದರೆ ಸಾಕು.

ಬಳ್ಳಿಗಾವೆಯ ಕಲ್ಲಿನಲ್ಲಿ ೧೧೬೨ರಲ್ಲಿ ಬರೆಯಿಸಿದ ಕೆಲಸವು ಹೊಸದಾಗಿ ಕಂಡುಹಿಡಿಯಬೇಕಾದ ಕೆಲಸವಲ್ಲ. ನಡುವೆ ನಿಂತುಹೋದುದನ್ನು ಮುಂದುವರಿಸುವ ಕೆಲಸ. ಕುರೆಕುಪ್ಪದಿಂದ ಈ ರಾತ್ರಿಯ ರೈಲಿಗೆ ಹೊರಡುವ ರೋಗಿಗೆ ಹಾದಿಯು ಸುಗಮವಾಗಲಿ, ತಂಗಲು ತಾವು ದೊರೆಯಲಿ, ಕೈಹಿಡಿಯುವ ಜನರಿರಲಿ ಎಂದು ಹಾರೈಸಿ, ವಾಚಕ ಮಹಾಶಯರಲ್ಲಿ ಈ ವಿಜ್ಞಾಪನೆಯನ್ನು ಮುಗಿಸುವೆನು.